ಜನವಸತಿ: ಇಲ್ಲ

ಪಲಾವಿನ ಘಮ ಬಂತು, ಹಿಂದಿನ ಕಿಟಕಿಯಿಂದ, ಪುದೀನ ಒಂದು ಹಿಡಿ ಹೆಚ್ಚಾಗಿದೆ, ಎರಡನೆಯ ಕೀರ್ತನೆ ಇನ್ನೂ ಮುಗಿದಿಲ್ಲ, ಆಗಲೇ ಸಂಡೇ ಸ್ಕೂಲಿನ ಮಕ್ಕಳೆಲ್ಲ ಮೂಗು ಹಿಂದಕ್ಕೆ ತಿರುಗಿಸಿ ಕೂತಿದ್ದಾರೆ, ಅಡುಗೆಯವನಿಗೆ ಇನ್ನೂರು ಜನ ಅಂತ ಹೇಳಿದ್ದೆ, ಜೊತೆಗೆ ಬೆಟ್ಟದ ಇರುಳಿಗರ ದೊಡ್ಡಿಯಿಂದ ಮೂವತ್ತೊಂದು, ಅವ್ರು ಅನ್ನ ಜಾಸ್ತಿ ಉಣ್ತಾರೆ ಮೇಡಂ ಅಂದ, ಸಿಟ್ಟು ಬಂತು, ಆಮೇಲೆ ನಾನೇ ಎರಡು ಸೇರು ಹೆಚ್ಚಿಗೆ ಹಾಕಿ ಅಂದೆ — ನಿನ್ನ ಸಿಟ್ಟು ಯಾವಾಗಲೂ ಇಷ್ಟೇ ಕುಸುಮಾ, ಎರಡು ಸೇರು ಅಕ್ಕಿಯಷ್ಟು. ಹೆಂಗಸರ ಕಡೆಯ ಮೂರನೆಯ ಬೆಂಚಿನಲ್ಲಿ ದೊಡ್ಡಿಯ ಚಿಕ್ಕಲಕ್ಷ್ಮಮ್ಮ ಕೂತಿದ್ದಾಳೆ, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದಾಳೆ, ಕೀರ್ತನೆಯ ಪುಸ್ತಕವನ್ನು ಯಾರೋ ಕೈಗೆ ಕೊಟ್ಟಿದ್ದಾರೆ, ಓದಲು ಬಾರದಿದ್ದರೂ ಎಲ್ಲರೂ ಹಾಳೆ ತಿರುಗಿಸಿದಾಗ ತಾನೂ ತಿರುಗಿಸುತ್ತಾಳೆ, ಮರ್ಯಾದೆ, ಬಂದ ಮನೆಯಲ್ಲಿ ಮಾಡಬೇಕಾದ ಮರ್ಯಾದೆ. ಅವಳ ಕಾಲಿನ ಬೆರಳುಗಳು ಅಗಲವಾಗಿ ಹರಡಿಕೊಂಡಿವೆ, ಬಂಡೆ ಹತ್ತಿದ ಬೆರಳುಗಳು, ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳಿಗೆ ಎಲ್ಲಿ ಕೂತರೂ ಇದೇ ಕಣ್ಣಿಗೆ ಬೀಳುವುದು, ಬೆರಳು, ಎಲೆ, ಮೊಗ್ಗು, ಕಾಣಬೇಕಾದದ್ದು ಮಾತ್ರ ಕಾಣುವುದಿಲ್ಲ. ಫ್ಯಾನು ತಿರುಗುತ್ತಿದೆ, ವಿಜಯನಗರದ ಬಸ್ಸುಗಳು ಹೊರಗೆ ಹಾರ್ನ್ ಹೊಡೆಯುತ್ತಿವೆ, ಗೋಡೆಯ ಮೇಲೆ ಯುವಜನರು ಹಸಿರು ಬಟ್ಟೆ ಕಟ್ಟಿದ್ದಾರೆ, ಇವತ್ತು ನಮ್ಮ ಸಭೆಯಲ್ಲಿ ಪರಿಸರ ಭಾನುವಾರ.

ಬ್ಯಾಗಿನಲ್ಲಿ ಕಾಗದ ಇದೆ, ಮುಟ್ಟಿ ನೋಡಿದೆ, ಇದೆ, ಮಡಿಚಿದ ಅಂಚು ಬೆರಳಿಗೆ ಸಿಕ್ಕಿತು. ಒಂದೇ ಪುಟ, ನಾನೇ ಬರೆದದ್ದು, ನಮ್ಮ ಸಭೆಯ ಸೃಷ್ಟಿ ಪಾಲನಾ ಸಮಿತಿ ಕೊಟ್ಟ ಸಮೀಕ್ಷಾ ವರದಿಯ ನಲವತ್ತೊಂದನೆಯ ಪುಟ ತಪ್ಪು, ಗೂಬೆಕಲ್ಲು ಬೆಟ್ಟದಲ್ಲಿ ಇರುಳಿಗರ ಒಂಬತ್ತು ಮನೆಗಳಿವೆ, ಮನೆಗಳಲ್ಲಿ ಜನ ಇದ್ದಾರೆ — ಇಷ್ಟು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದು ಹಾಕಿದೆ. ಕಾರ್ಯದರ್ಶಿಯಾಗಿ ನನ್ನ ಸಹಿ ಆಗಿದೆ, ಇನ್ನು ಅಧ್ಯಕ್ಷ ಯೋಗಾನಂದನ ಸಹಿ ಬೇಕು, ಸಭಾಪಾಲಕರಾದ ಅಯ್ಯನವರ ಸಹಿ ಬೇಕು, ಸಭೆಯ ಸೀಲು ಬೇಕು, ಸೀಲು ಇರುವುದು ಯೋಗಾನಂದನ ಹತ್ತಿರ, ಮೇಲ್ಮನವಿಗೆ ಕೊನೆಯ ದಿನ ನಾಳೆ, ಸೋಮವಾರ, ಕಚೇರಿ ಮುಚ್ಚುವುದರೊಳಗೆ. ಬೆಟ್ಟದ ಜಾಗಕ್ಕೆ ದೊಡ್ಡಿಯವರು ಹಾಕಿದ್ದ ಹಕ್ಕುಪತ್ರದ ಅರ್ಜಿ ವಜಾ ಆಗಿದೆ ಅಂತ ಗೊತ್ತಾದ ದಿನ ತಾಲ್ಲೂಕು ಕಚೇರಿಗೆ ನಾನೇ ಹೋಗಿದ್ದೆ, ದೊಡ್ಡ ಧೈರ್ಯದಿಂದ, ಛತ್ರಿ ಹಿಡಿದುಕೊಂಡು, ಯಾರು ವಜಾ ಮಾಡಿದ್ದು, ಯಾವ ಆಧಾರದ ಮೇಲೆ ಅಂತ ಮೇಷ್ಟರ ದನಿಯಲ್ಲಿ ಕೇಳಿದೆ, ಗುಮಾಸ್ತ ಪಾಪ ಸಣ್ಣ ವಯಸ್ಸಿನವನು, ಫೈಲು ತೆಗೆದು ನನ್ನ ಕಡೆಗೇ ತಿರುಗಿಸಿದ, ನೋಡಿ ಮೇಡಂ, ನಿಮ್ ಚರ್ಚಿನ ವರದೀಲೇ ಇದೆಯಲ್ಲ, ಕೆಳಗಡೆ ಸೈನ್ ಯಾರದ್ದು ನೋಡಿ. ಜನವಸತಿ: ಇಲ್ಲ. ಪಾಳುಬಿದ್ದ ಗುಡಿಸಲು: ಒಂಬತ್ತು. ಸಹಿ ನನ್ನದು. ಕುಸುಮಾ ಅನ್ನುವುದರ ಕೊನೆಯಲ್ಲಿ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಎಳೆಯುತ್ತಿದ್ದ ಅದೇ ಗೆರೆ. ಛತ್ರಿ ಅಲ್ಲೇ ಮರೆತು ಬಂದೆ.

ಹೇಗಾಯಿತು ಅಂತ ಯಾರಾದರೂ ಕೇಳಿದರೆ, ಯಾರೂ ಕೇಳುವುದಿಲ್ಲ, ಕೇಳಿದರೆ ಹೇಳಬೇಕು, ಒಂದು ವ್ಯಾನಿನಿಂದ ಆಯಿತು. ಹೋದ ವರ್ಷ ಸುಗ್ಗಿ ಹಬ್ಬಕ್ಕೆ ದೊಡ್ಡಿಯವರನ್ನೆಲ್ಲ ಕರೆಯೋಣ ಅಂದವಳು ನಾನು, ಜೇನು, ಕಾಡುಗೆಣಸು, ಪೊರಕೆ ಎಲ್ಲ ತರಲಿ, ಕೈಲಾಗದ ಮುದುಕರು, ಕೂಸುಗಳು ಯಾರನ್ನೂ ಬಿಡುವುದು ಬೇಡ, ಒಬ್ಬರೂ ಉಳಿಯಬಾರದು ಅಂತ ಒತ್ತಿ ಹೇಳಿದವಳು ನಾನು. ವ್ಯಾನು ಬೆಳಿಗ್ಗೆ ಆರಕ್ಕೆ ಮಾಗಡಿ ದಾಟಿ ಬೆಟ್ಟದ ಬುಡದಿಂದ ಅವರನ್ನು ಹತ್ತಿಸಿಕೊಂಡು ಎಂಟಕ್ಕೆ ಇಲ್ಲಿಗೆ ತಂದು ಇಳಿಸುವುದು, ಮತ್ತೆ ಮೂರು ಗಂಟೆಯವರೆಗೆ ಸುಮ್ಮನೆ ನಿಂತಿರಬೇಕಲ್ಲ, ದಂಡ ಅಲ್ಲವಾ, ಬೆಟ್ಟದ ಗುತ್ತಿಗೆಗೆ ಬೇಕಾದ ಸಮೀಕ್ಷೆಯ ಹುಡುಗರೂ ಭಾನುವಾರವೇ ಬಿಡುವು ಅನ್ನುತ್ತಿದ್ದಾರೆ, ನಾಗರಬಾವಿಯ ಕಾಲೇಜು ಹುಡುಗರು, ಅವರನ್ನು ಅದೇ ವ್ಯಾನಿನಲ್ಲಿ ಬೆಟ್ಟಕ್ಕೆ ಕಳಿಸಿಬಿಡೋಣ ಅಂದೆ. ಏನ್ ಪ್ಲಾನ್ ಮಿಸ್ ನಿಮ್ದು ಅಂದ ಯೋಗಾನಂದ, ನಾನು ಹಿಗ್ಗಿದೆ, ನನ್ನ ಹಳೆಯ ವಿದ್ಯಾರ್ಥಿ ಹೊಗಳಿದರೆ ಈಗಲೂ ಹಿಗ್ಗುತ್ತೇನೆ. ಗೇಟಿನ ಹತ್ತಿರ ದೊಡ್ಡಿಯವರು ಇಳಿಯುತ್ತಿದ್ದಾರೆ, ಹುಡುಗರು ಹತ್ತುತ್ತಿದ್ದಾರೆ, ಸೀಟು ಇನ್ನೂ ಬೆಚ್ಚಗಿದೆ ಅಂತ ಒಬ್ಬ ನಗುತ್ತಾನೆ, ಚಿಕ್ಕಲಕ್ಷ್ಮಮ್ಮ ಅವರಿಗೆ ಕೈ ಬೀಸುತ್ತಾಳೆ, ಎಲ್ಲಿಗೆ ಹೊಂಟವ್ರೆ ಟೀಚರಮ್ಮ ಹೈಕ್ಳು, ಬೆಟ್ಟ ನೋಡೋದಕ್ಕೆ ಅಂದೆ, ಒಳ್ಳೇದಾಗ್ಲಿ ಬುಡಿ, ನೀರಿನ ಗಡಿಗೆ ಒಳ್ಗಡೆ ಮಡಗಿವ್ನಿ, ಬಾಯಾರಿದ್ರೆ ಕುಡೀಲಿ ಅಂದಳು. ನಾನು ಅದನ್ನು ಹುಡುಗರಿಗೆ ಹೇಳಲಿಲ್ಲ, ವ್ಯಾನು ಹೊರಟುಬಿಟ್ಟಿತು. ಅವರು ಹೋದರು, ಒಂಬತ್ತು ಗುಡಿಸಲು ನೋಡಿದರು, ಒಲೆ ಆರಿದೆ, ಮಾತಿಲ್ಲ, ನಾಯಿಗಳೂ ಇಲ್ಲ, ನಾಯಿಗಳು ವ್ಯಾನಿನ ಹಿಂದೆ ರಸ್ತೆಯವರೆಗೂ ಓಡಿ ಬಂದಿದ್ದವಂತೆ, ತಾರೀಖು ಬೀಳುವ ಕ್ಯಾಮೆರಾದಲ್ಲಿ ಒಂಬತ್ತು ಫೋಟೋ ತೆಗೆದರು. ಅದೇ ಹೊತ್ತಿಗೆ ಇಲ್ಲಿ ದೊಡ್ಡಿಯವರೆಲ್ಲ ಬಾಳೆ ಎಲೆಯ ಮುಂದೆ ಕೂತಿದ್ದರು, ನಾನು ಪಾಯಸ ಬಡಿಸುತ್ತಿದ್ದೆ.

ಆಮೇಲೆ ವರದಿ ಬಂತು, ನೂರ ನಲವತ್ತು ಪುಟ, ಮೂರು ದಿನ ಕೂತು ತಿದ್ದಿದೆ, ಕೆಂಪು ಪೆನ್ನು, ಜಾಲಾರಿ ಮರದ ಶಾಸ್ತ್ರೀಯ ಹೆಸರು ತಪ್ಪು ಬರೆದಿದ್ದರು, ಕಮರ ಮರವನ್ನು ಮತ್ತೇನೋ ಅಂದಿದ್ದರು, ಹಳದಿ ಕೊರಳಿನ ಪಿಕಳಾರ ಎರಡು ಜೋಡಿ ಕಂಡವು ಅಂತ ಓದಿ ನನಗೆ ಕಣ್ಣಲ್ಲಿ ನೀರು ಬಂತು, ನಿಜವಾಗಿ ಬಂತು, ಆ ಹಕ್ಕಿ ಎಲ್ಲ ಕಡೆ ಇಲ್ಲ, ಬರೀ ಇಂಥ ಕಲ್ಲುಬೆಟ್ಟಗಳಲ್ಲೇ ಇರುವುದು. ಹಕ್ಕಿಗಳ ಪಟ್ಟಿ ಓದಿದೆ, ಗಿಡಗಳದ್ದು ಓದಿದೆ, ಚಿಟ್ಟೆಗಳದ್ದೂ ಓದಿದೆ, ನಲವತ್ತೊಂದನೆಯ ಪುಟದಲ್ಲಿ ಬರೀ ಚೌಕ ಚೌಕವಾಗಿ ಸರ್ಕಾರಿ ನಮೂನೆ, ಅದನ್ನು ಯಾರು ಓದುತ್ತಾರೆ. ಫೋಟೋಗಳು ಕೊನೆಯಲ್ಲಿದ್ದವು, ತಾಲ್ಲೂಕು ಕಚೇರಿಯಿಂದ ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದೆ, ಐದನೆಯ ಫೋಟೋದಲ್ಲಿ ಅಂಗಳದಲ್ಲಿ ಬುಟ್ಟಿ ಬೋರಲು ಹಾಕಿದೆ, ಮೇಲೆ ಕಲ್ಲು ಇಟ್ಟಿದೆ, ಬುಟ್ಟಿಯ ಸಂದಿಯಲ್ಲಿ ಕೋಳಿಯ ಕೊಕ್ಕು. ಪಾಳುಬಿದ್ದ ಮನೆಯಲ್ಲಿ ಕೋಳಿಗೆ ಬುಟ್ಟಿ ಮುಚ್ಚಿ ಹೋಗುವವರು ಯಾರು, ಇಷ್ಟು ಯೋಚನೆ ಮಾಡುವುದನ್ನು ನಾವು ಮಕ್ಕಳಿಗೆ ಕಲಿಸಲಿಲ್ಲ, ನಾನು ಕಲಿಸಲಿಲ್ಲ.

ಅಯ್ಯನವರು ಪ್ರಸಂಗ ಶುರು ಮಾಡಿದ್ದಾರೆ, ಯಾವಾಗ ಶುರುವಾಯಿತೋ ಗೊತ್ತಾಗಲಿಲ್ಲ. ಒಬ್ಬ ಯಜಮಾನ ಪರದೇಶಕ್ಕೆ ಹೋಗುವಾಗ ತನ್ನ ಮನೆಯನ್ನು ಆಳಿಗೆ ಒಪ್ಪಿಸಿ ಹೋಗ್ತಾನೆ ಅಂತಿಟ್ಕೊಳ್ಳಿ, ಹಿಂದಿರುಗಿ ಬಂದಾಗ ಅವನು ಏನ್ ಕೇಳ್ತಾನೆ, ನನ್ನ ಮನೆ ಹೇಗಿತ್ತೋ ಹಾಗೇ ಇದೆಯಾ ಅಂತ ಕೇಳ್ತಾನೆ, ಪ್ರಿಯರೇ, ಈ ಭೂಮಿ ಆ ಮನೆ, ನಾವು ಆ ಆಳುಗಳು. ಚೆನ್ನಾಗಿ ಹೇಳುತ್ತಾರೆ ಅಯ್ಯನವರು, ಮನಸ್ಸಿನಿಂದ ಹೇಳುತ್ತಾರೆ, ಅವರ ಹಿತ್ತಲಲ್ಲೇ ಐವತ್ತು ಸಸಿ ಬೆಳೆಸಿದ್ದಾರೆ. ಆದರೆ ಅಯ್ಯನವರೇ, ಆ ಮನೆಯಲ್ಲಿ ಆಗಲೇ ಜನ ಇದ್ದರಲ್ಲ, ಒಲೆ ಉರಿಯುತ್ತಿತ್ತಲ್ಲ, ಆಳು ಅವರನ್ನೆಲ್ಲ ಹೊರಗೆ ಹಾಕಿ ನೆಲ ಸಾರಿಸಿ ರಂಗೋಲಿ ಬಿಟ್ಟು ಕೂತರೆ ಯಜಮಾನ ಬಂದು ಏನು ಕೇಳುತ್ತಾನೆ, ಎದ್ದು ನಿಂತು ಕೇಳಲಾ, ಪ್ರಸಂಗದ ಮಧ್ಯೆ ಎದ್ದು ನಿಂತವರು ನಮ್ಮ ಸಭೆಯಲ್ಲಿ ಯಾರೂ ಇಲ್ಲ. ಚಿಕ್ಕಲಕ್ಷ್ಮಮ್ಮನ ಅವ್ವನ ಕಾಲದಲ್ಲಿ ಬೆಟ್ಟದ ಮೇಲುಗಡೆ ಇದ್ದವರನ್ನು ಜೀಪಿನವರು ಬಂದು ಇಳಿಸಿದರು, ಕಾಡು ಸರ್ಕಾರದ್ದು ಅಂದರು, ಕೆಳಗಿನ ಇಳಿಜಾರು ಮಿಷನ್ನಿನ ದೊರೆಸಾನಿ ಗುತ್ತಿಗೆ ಹಿಡಿದದ್ದು, ಅವಳು ಇರಲಿ ಬಿಡಿ ಅಂದಳು, ಇದ್ದರು. ಆ ವಮ್ಮ ಕೈ ಹಿಂಗಂದ್ಲಂತೆ, ಅಷ್ಟೇಯ, ಕಾಗ್ಜ ಗೀಗ್ಜ ಏನೂ ಇಲ್ಲ, ನಾನ್ ಹುಟ್ಟಿದ್ದು ಆ ಜೋಡಿಬಂಡೆ ತಾವ, ನಮ್ಮವ್ವನ್ನ ಊತಿರೋದೂ ಅಲ್ಲೇ ಕಣವ್ವ ಅಂತ ಚಿಕ್ಕಲಕ್ಷ್ಮಮ್ಮ ಹೇಳುವಾಗ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ, ಯಾವ ಗೆಣಸಿಗೆ ಏನು ಹೆಸರು, ಯಾವ ತಿಂಗಳಲ್ಲಿ ಜೇನು. ಒಂದು ಸಲ ನಮ್ಮ ಶಿಲುಬೆಯನ್ನು ನೋಡಿ ಕೇಳಿದ್ದಳು, ನಿಮ್ಮ ಸ್ವಾಮೀನೂ ಬೆಟ್ಟದ ಮೇಲೇ ಸತ್ತೋಯ್ತಂತೆ, ದಿಟವಾ. ದಿಟ ಅಂದೆ. ಯಾರ್ ಕೊಂದೋರು ಅಂದಳು. ಸರ್ಕಾರದವರು, ಗುಡಿಯವರು ಎಲ್ಲ ಸೇರಿಕೊಂಡು ಅಂದೆ. ಅಂಗೇ ಆಯ್ತದೆ ಅಂದಳು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಶುಕ್ರವಾರ ಯೋಗಾನಂದನ ಮನೆಗೆ ಹೋಗಿದ್ದೆ, ನಾಗರಬಾವಿಯ ಮೂರನೆಯ ಮಹಡಿ, ಬಾಲ್ಕನಿಯಲ್ಲಿ ಗೊಬ್ಬರದ ಡಬ್ಬ, ಪ್ಲಾಸ್ಟಿಕ್ ಮುಟ್ಟದ ಮನುಷ್ಯ, ಮದುವೆ ಮನೆಗೂ ಸ್ಟೀಲ್ ಲೋಟ ಒಯ್ಯುತ್ತಾನೆ, ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬೈದು ಬರಬಹುದಿತ್ತು. ಕಾಗದವನ್ನು ಎರಡು ಸಲ ಓದಿದ, ಮಿಸ್, ನೀವ್ ಹೇಳ್ತಿರೋದು ಸರಿ, ಒಪ್ತೀನಿ, ಆದ್ರೆ ಒಂದ್ ಪುಟ ಸುಳ್ಳು ಅಂತ ನಾವೇ ಬರ್ಕೊಟ್ರೆ ನೂರ ನಲವತ್ತು ಪುಟಾನೂ ಬಿದ್ದೋಗತ್ತೆ, ಸಭೆಗಿರೋ ಬೆಟ್ಟದ ಗುತ್ತಿಗೆ ಮುಗೀತು, ಆ ಕಡೆ ಕ್ವಾರಿಯೋರ ಲಾಯರ್ ಕಾಯ್ತಾ ಕೂತಿದಾನೆ, ಆರ್ ತಿಂಗಳಲ್ಲಿ ಬೆಟ್ಟ ಜಲ್ಲಿ ಆಗತ್ತೆ, ಆಗ ದೊಡ್ಡಿಯೋರು ಎಲ್ಲಿರ್ತಾರೆ ಹೇಳಿ. ಕಾಗದವನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಹಕ್ಕಿಗಳೂ ಹೋಗ್ತವೆ, ಜನಾನೂ ಹೋಗ್ತಾರೆ, ಈಗ ಹಕ್ಕಿಗಳಾದ್ರೂ ಉಳೀತವೆ ಮಿಸ್, ಜನಕ್ಕೆ ಕೆಂಗೇರಿ ಹತ್ರ ಮನೆ ಕೊಡಿಸ್ತಿದೀವಲ್ಲ, ನಲ್ಲಿ ನೀರು, ಕರೆಂಟು. ಆ ಮನೆಗಳು ನನಗೆ ಗೊತ್ತು, ಚಿಕ್ಕಲಕ್ಷ್ಮಮ್ಮನ ಅಣ್ಣ ದೊಡ್ಡಹನುಮಯ್ಯ ಎರಡು ವರ್ಷದ ಹಿಂದೆಯೇ ಅಲ್ಲಿಗೆ ಬಂದವನು, ನಾಲ್ಕನೆಯ ಮಹಡಿ, ಹೆಜ್ಜೇನು ಕೀಳುವುದಕ್ಕೆ ಹಗ್ಗ ಹಿಡಿದು ಬಂಡೆಯ ಮೇಲಿಂದ ಜೋತು ಬೀಳುತ್ತಿದ್ದವನು, ಈಗ ಅಪಾರ್ಟ್‌ಮೆಂಟ್ ಒಂದರ ಕಸ ಬೇರ್ಪಡಿಸುತ್ತಾನೆ, ಹಸಿ ಕಸ, ಒಣ ಕಸ. ಬಾಗ್ಲಾಕ್ಕಂಡು ಮನೀಕಂಡ್ರೆ ಉಸುರೇ ಬರಾಕಿಲ್ಲ ಟೀಚರಮ್ಮ, ಬಾಗ್ಲು ತಕ್ಕಂಡು ಮನೀಕಂಡ್ರೆ ಪಕ್ಕದ ಮನೆಯೋರು ಬಯ್ತಾರೆ ಅಂದ, ಅಷ್ಟು ಹೇಳುವಾಗಲೂ ಕೆಮ್ಮಿದ, ಹೋದ ತಿಂಗಳು ಸತ್ತ, ಅವನ ಹೆಣವನ್ನು ಬೆಟ್ಟಕ್ಕೆ ಒಯ್ಯಲು ಆಗಲಿಲ್ಲ. ಭಾನುವಾರ ಆರಾಧನೆ ಆದ್ಮೇಲೆ ಕೂತು ಮಾತಾಡೋಣ ಮಿಸ್, ಸೀಲು ತಂದಿರ್ತೀನಿ ಅಂದ ಯೋಗಾನಂದ. ಆ ಮಾತು ಹಿಡಿದುಕೊಂಡು ಎರಡು ದಿನ ಕಳೆದಿದ್ದೇನೆ. ಭಾನುವಾರ ದೊಡ್ಡಿಯೋರ್ನೂ ಕರ್ಸೋಣ, ಶಾಲು ಹೊದಿಸಿ ಸನ್ಮಾನ ಮಾಡೋಣ, ವ್ಯಾನ್ ನೀವೇ ಬುಕ್ ಮಾಡ್ಬಿಡಿ, ಯಾರನ್ನೂ ಬಿಟ್ಟು ಬರೋದು ಬೇಡ ಅಂತ ಹೇಳಿ ಅಂದಿದ್ದ. ಮಾಡಿದೆ. ಒಬ್ಬೊಬ್ಬರ ಹೆಸರು ಹಿಡಿದು ಫೋನಿನಲ್ಲಿ ಹೇಳಿದೆ.

ಪ್ರಾರ್ಥನೆ, ಎಲ್ಲರೂ ಕಣ್ಣು ಮುಚ್ಚಿದ್ದಾರೆ, ಫೋನು ತೊಡೆಯ ಮೇಲೆ ಗುರ್ ಅಂತು, ನೋಡಬಾರದು, ನೋಡಿದೆ. ಕಲ್ಮೇಶ್. ನಮ್ಮ ಸಮಿತಿ ಬೆಟ್ಟಕ್ಕೆ ಹಾಕಿಸಲಿರುವ ಬೇಲಿಯ ಮೇಸ್ತ್ರಿ, ಅನ್ನಪೂರ್ಣೇಶ್ವರಿ ನಗರದಲ್ಲಿ ರೂಮು ಮಾಡಿಕೊಂಡಿರುವ ಗದಗಿನ ಹುಡುಗ, ಕೆಲಸ ಶುರುವಾಗುವುದು ಮುಂದಿನ ತಿಂಗಳು ಅಲ್ಲವಾ, ಇವತ್ತೇಕೆ ಇವನು. ಮೇಡಮ್ಮಾರ, ಗೇಟ್ ಕುಂದ್ರಿಸೇವ್ರಿ, ದಾರಿ ಕಡೆ ತಂತಿನೂ ಎಳದು ಮುಗದೈತ್ರಿ, ಗುಡಸಲದಾಗ ಯಾರೂ ಇದ್ದಿದ್ದಿಲ್ರಿ, ಏನೂ ತ್ರಾಸ ಆಗ್ಲಿಲ್ಲ, ಸಾಮಾನೆಲ್ಲಾ ಟೆಂಪೋದಾಗ ಹಾಕ್ಸೇನ್ರಿ, ಯೋಗಾನಂದ ಸರ್‌ಗೂ ಕಳಿಸೇನಿ. ಕೆಳಗೆ ಫೋಟೋ. ಹಸಿರು ಬಣ್ಣದ ಗೇಟು, ಬಣ್ಣ ಇನ್ನೂ ಹಸಿ, ದೊಡ್ಡ ಬೀಗ, ಗೇಟಿನ ಮೇಲೆ ಬೋರ್ಡು, ದೇವರ ತೋಟ, ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ, ಆ ಅಕ್ಷರಗಳನ್ನು ತಿದ್ದಿ ಕೊಟ್ಟವಳೂ ನಾನೇ. ಗೇಟಿನ ಆಚೆ ಬಹಳ ದೂರದಲ್ಲಿ ಪೊದೆಯ ಮೇಲೆ ಏನೋ ನೀಲಿ, ಬೆರಳಿನಿಂದ ಹಿಗ್ಗಿಸಿದೆ, ಒಡೆದು ಹೋಯಿತು, ಚೌಕ ಚೌಕ ನೀಲಿ, ಪ್ಲಾಸ್ಟಿಕ್ ಶೀಟು ಇರಬೇಕು. ಗಂಡಸರ ಕಡೆ ನೋಡಿದೆ, ಯೋಗಾನಂದ ಕಣ್ಣು ಮುಚ್ಚಿಲ್ಲ, ನನ್ನನ್ನೇ ನೋಡುತ್ತಿದ್ದಾನೆ, ಆಮೆನ್ ಅಂದ ತಕ್ಷಣ ಎದ್ದು ನಡುವಿನ ದಾರಿ ದಾಟಿ ನನ್ನ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತ, ಕ್ಲಾಸಿನಲ್ಲಿ ತಪ್ಪು ಮಾಡಿದಾಗ ಕೂರುತ್ತಿದ್ದ ಹಾಗೆ. ಕಣ್ಣೆದುರಿಗೆ ಮಾಡೋದು ಬೇಡ ಅಂತ ಮಿಸ್, ಅವ್ರು ಅಳೋದನ್ನ ನನ್ ಕೈಲಿ ನೋಡಕ್ಕಾಗಲ್ಲ, ಊಟ ಆಗ್ಲಿ, ನಾನೇ ಹೇಳ್ತೀನಿ, ವ್ಯಾನ್ ಸೀದಾ ಕೆಂಗೇರಿಗೆ ಹೋಗತ್ತೆ, ಸಾಮಾನು ಆಗ್ಲೇ ಅಲ್ಲಿರತ್ತೆ. ಸೀಲು, ಅಂದೆ. ತಂದಿಲ್ಲ ಮಿಸ್, ಅಂದ, ಅವನ ಕಣ್ಣು ತುಂಬಿತ್ತು, ಸುಳ್ಳಲ್ಲ, ನಿಜವಾಗಿ ತುಂಬಿತ್ತು.

ಮೈಕಿನಲ್ಲಿ ಅಯ್ಯನವರು ಕರೆಯುತ್ತಿದ್ದಾರೆ, ನಮ್ಮ ಕಾಡಿನ ಗೆಳೆಯರ ಪರವಾಗಿ ಶ್ರೀಮತಿ ಚಿಕ್ಕಲಕ್ಷ್ಮಮ್ಮನವರು ಮುಂದೆ ಬರಬೇಕು, ಶಾಲು ಹೊದಿಸೋದಕ್ಕೆ ನಮ್ಮ ಕುಸುಮಾ ಟೀಚರ್ ಅವರನ್ನ ಕೇಳಿಕೊಳ್ತೀನಿ, ಚಪ್ಪಾಳೆ, ನನ್ನ ಕಾಲುಗಳು ಎದ್ದವು, ನಾನು ಏಳಲಿಲ್ಲ, ಕಾಲುಗಳು ಎದ್ದವು. ಈಗ ಹೇಳಬೇಕು, ಮೈಕು ಇದೆ, ಇನ್ನೂರು ಜನ ಇದ್ದಾರೆ, ಬ್ಯಾಗಿನಲ್ಲಿ ಕಾಗದ ಇದೆ, ಬ್ಯಾಗು ಬೆಂಚಿನ ಮೇಲೆ ಉಳಿಯಿತು, ಏನಂತ ಹೇಳಲಿ, ನಿಮ್ಮ ಮನೆಗೆ ಬೀಗ ಹಾಕಿದ್ದೇವೆ, ಬೀಗ ಹಾಕುವಷ್ಟು ಹೊತ್ತು ನಿಮ್ಮನ್ನು ಇಲ್ಲಿ ಕೂರಿಸಿಕೊಂಡಿದ್ದೇವೆ, ಎರಡು ಸಲ ಕರೆದೆ, ಎರಡು ಸಲವೂ ನಾನೇ ಕರೆದೆ, ಎರಡನೆಯ ಸಲ ಬಾ ಅಂದಾಗಲೂ ಬಂದಳಲ್ಲ, ಯಾಕೆ ಬಂದೆ ಚಿಕ್ಕಲಕ್ಷ್ಮಮ್ಮ, ನನ್ನ ಮೇಲೆ ಯಾಕೆ ಅಷ್ಟು ನಂಬಿಕೆ. ಶಾಲು ಬಿಡಿಸಿದೆ, ಹೊಸ ಬಟ್ಟೆಯ ಗಂಜಿ ವಾಸನೆ, ಅವಳು ತಲೆ ತಗ್ಗಿಸಿದಳು, ನನಗಿಂತ ಗಿಡ್ಡ, ಆದರೂ ತಗ್ಗಿಸಿದಳು, ಹೊದಿಸಿದೆ, ಅವಳ ಹೆಗಲ ಮೂಳೆ ಕೈಗೆ ತಾಗಿತು. ಕ್ಯಾಮೆರಾದವನು ಈ ಕಡೆ ನೋಡಿ ಅಂದ. ನೋಡಿದೆವು. ಅವಳು ನಗುತ್ತಲೇ, ತುಟಿ ಹೆಚ್ಚು ಅಲ್ಲಾಡಿಸದೆ, ನನ್ನ ಕಿವಿಯ ಹತ್ತಿರ ಅಂದಳು, ಟೀಚರಮ್ಮ, ಇವತ್ತು ಒಸಿ ಬಿರ್ನೆ ಕಳಿಸ್ಬುಡಿ, ನೀಲಿ ಸೀರೆ ಒಗ್ದು ಪೊದೆ ಮ್ಯಾಗೆ ಒಣಗಾಕಿ ಬಂದಿವ್ನಿ, ಮೋಡ ಆಯ್ತಾ ಐತೆ. ಹ್ಞೂಂ ಅಂದೆ. ಊಟ ಮಾಡ್ಕೊಂಡ್ ಹೋಗಿ ಅಂದೆ. ಹೊರಗೆ ಎಲೆ ಹಾಕುತ್ತಿದ್ದಾರೆ, ಅವಳು ಬೆಂಚಿಗೆ ಹೋಗಿ ಕೂತಳು, ಕೀರ್ತನೆಯ ಪುಸ್ತಕ ಮತ್ತೆ ಕೈಗೆ ತೆಗೆದುಕೊಂಡಳು, ನಾನು ನಿಂತೇ ಇದ್ದೇನೆ, ಬೀಗದ ಆಚೆ ನೀಲಿ ಸೀರೆ, ಟೆಂಪೋದವರಿಗೆ ಕಾಣಿಸಿರಲಾರದು, ಕಂಡರೂ ಪ್ಲಾಸ್ಟಿಕ್ ಅಂದುಕೊಂಡಿರಬೇಕು, ಪೊದೆಯ ಮೇಲೆ ನೀಲಿ ಸೀರೆ, ಇಷ್ಟು ಹೊತ್ತಿಗೆ ಒಣಗಿರಬೇಕು, ಒಣಗಿರುತ್ತದೆ, ಸೀರೆ, ನೀಲಿ —